ಎರಡು ಡ್ರಮ್ಮಿನ ಹಿಡಿ ಅಕ್ಕಿ

ಹಂಪವ್ವ ಸಭೆಯ ಅಡಿಗೆಗೆ ನಿಂತಳೆಂದರೆ ನೂರು ಜನರ ಅನ್ನವನ್ನು ತಳ ಹಿಡಿಸದೆ ಇಳಿಸುತ್ತಿದ್ದಳು. ಉದುರುದುರಾದ ಅನ್ನ, ಮೇಲೆ ಹಬೆ. ನೋಡಿದವರ ಹೊಟ್ಟೆ ಅರ್ಧ ತುಂಬುತ್ತಿತ್ತು. ಆದರೆ ಎಂಟು ವರ್ಷಗಳಿಂದ ಆ ಅನ್ನದ ಒಂದು ಅಗುಳನ್ನೂ ಅವಳು ಬಾಯಿಗಿಟ್ಟಿರಲಿಲ್ಲ. ಯಾರಾದರೂ ಕೇಳಿದರೆ, ಒಲೆಯ ಮುಂದೆ ನಿಂತು ನಿಂತು ಹಸಿವೇ ಸತ್ತುಹೋಯಿತೆಂದು ನಕ್ಕು ಹಂಡೆ ತಿಕ್ಕಲು ಕೂರುತ್ತಿದ್ದಳು. ನಿಜ ಸಂಗತಿ ಅವಳಿಗೆ ಗೊತ್ತಿತ್ತು, ದೇವರಿಗೆ ಗೊತ್ತಿತ್ತು. ಮೂರನೆಯವರಿಗೆ ಗೊತ್ತಿಲ್ಲವೆಂದು ಅವಳು ನಂಬಿದ್ದಳು.

ಆ ಸಂಗತಿಯನ್ನು ಹೇಳಬೇಕಾದರೆ ಹಿಡಿ ಅಕ್ಕಿಯಿಂದ ಶುರುಮಾಡಬೇಕು.

ದಾವಣಗೆರೆಯ ಆ ಸಣ್ಣ ಕ್ರೈಸ್ತ ಸಭೆಯಲ್ಲಿ ನಲವತ್ತು ಮನೆಗಳಿದ್ದವು. ಪ್ರತಿ ಮನೆಯ ಹೆಂಗಸೂ ದಿನದ ಅಡಿಗೆಗೆ ಅಕ್ಕಿ ಅಳೆದು ಮೊರಕ್ಕೆ ಹಾಕಿದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಹಾಕುವಾಗ ಒಂದು ಸಣ್ಣ ಪ್ರಾರ್ಥನೆ. ಕೂಸಿಗೆ ಜ್ವರವಿದ್ದರೆ ಕೂಸಿನ ಹೆಸರು, ಗಂಡ ಮುನಿಸಿಕೊಂಡು ಹೋಗಿದ್ದರೆ ಗಂಡನ ಹೆಸರು. ತಿಂಗಳ ಮೊದಲ ಭಾನುವಾರ ಡಬ್ಬಿಗಳನ್ನು ಸೆರಗಿನಡಿ ಹಿಡಿದು ತಂದು ಆರಾಧನೆಗೆ ಮುಂಚೆ ಬಾಗಿಲ ಬಳಿ ಸುರಿಯುತ್ತಿದ್ದರು. ಕಾಯಿಲೆ ಬಿದ್ದವರ ಗಂಜಿಗೆ, ಬಾಣಂತಿಯರ ಅನ್ನಕ್ಕೆ ಅದರಿಂದಲೇ ಹೋಗುತ್ತಿತ್ತು. ಉಳಿದದ್ದು ಸುಗ್ಗಿ ಹಬ್ಬಕ್ಕೂ ಕ್ರಿಸ್ಮಸ್ಸಿಗೂ ಸಭೆಯೆಲ್ಲ ಕೂಡಿ ಉಣ್ಣುವ ಪ್ರೀತಿಭೋಜನವಾಗುತ್ತಿತ್ತು. ಆ ಊಟಕ್ಕೆ ಅಂಗಡಿಯಿಂದ ಕೊಂಡ ಅಕ್ಕಿಯ ಒಂದು ಕಾಳೂ ಬೀಳಬಾರದು, ಪ್ರಾರ್ಥನೆ ಮಾಡಿ ತೆಗೆದಿಟ್ಟ ಹಿಡಿ ಅಕ್ಕಿಯೇ ಬೇಯಬೇಕು ಎಂಬುದು ಅವರ ಪದ್ಧತಿ.

ಅಕ್ಕಿ ಸುರಿಯಲು ಎರಡು ಡ್ರಮ್ಮುಗಳಿದ್ದವು. ಒಂದು ಪೇಟೆ ಕಡೆಯವರದು, ಇನ್ನೊಂದು ಗಿರಣಿ ಕಡೆಯವರದು. ಪೇಟೆ ಕಡೆಯವರೆಂದರೆ ಅಂಗಡಿ ಇಟ್ಟವರು, ಶಾಲೆಯ ಮಾಸ್ತರರು, ಅಜ್ಜನ ಕಾಲದಲ್ಲಿ ದೊಡ್ಡ ಮನೆತನಗಳಿಂದ ಬಂದು ಸಭೆ ಸೇರಿದವರು. ಗಿರಣಿ ಕಡೆಯವರೆಂದರೆ ಹರಿಹರದ ಹೊಳೆದಂಡೆಯ ಕೇರಿಯಿಂದ, ಬಾತಿ ಹಳ್ಳಿಯಿಂದ ಹತ್ತಿ ಗಿರಣಿಯ ಕೂಲಿಗೆ ಬಂದು ನೆಲೆಸಿದವರು. ಪೇಟೆಯವರು ಉಣ್ಣುವುದು ಸಣ್ಣಕ್ಕಿ. ಗಿರಣಿಯವರದು ದಪ್ಪಕ್ಕಿ, ನಡುನಡುವೆ ಕೆಂಪಕ್ಕಿ. ಎರಡೂ ಒಟ್ಟಿಗೆ ಬೇಯುವುದಿಲ್ಲ. ಸಣ್ಣಕ್ಕಿ ಮುದ್ದೆಯಾದರೂ ದಪ್ಪಕ್ಕಿಯ ನಡುವೆ ಗಟ್ಟಿ ಉಳಿದಿರುತ್ತದೆ. ಅದಕ್ಕೇ ಎರಡು ಡ್ರಮ್ಮು, ಎರಡು ಹಂಡೆ, ಎರಡು ಒಲೆ. ಹೀಗೆಂದು ಎಲ್ಲರೂ ಹೇಳುತ್ತಿದ್ದರು. ಹೇಳಿ ಹೇಳಿ ಅರ್ಧ ನಂಬಿಯೂ ಇದ್ದರು.

ಹಂಪವ್ವ ಮಾತ್ರ ನಂಬಿರಲಿಲ್ಲ. ಎಂಟು ವರ್ಷದ ಹಿಂದಿನ ಕ್ರಿಸ್ಮಸ್ಸಿನಲ್ಲಿ ಸಭೆಯ ಮೊದಲ ಪ್ರೀತಿಭೋಜನಕ್ಕೆ ಅವಳೇ ಎಲ್ಲರಿಗೂ ಅಡಿಗೆ ಮಾಡಿದ್ದಳು. ಗಂಡ ತೀರಿಹೋಗಿ ವರ್ಷ ತುಂಬಿರಲಿಲ್ಲ. ಗಿರಣಿಯಲ್ಲಿ ನೂಲು ಸುತ್ತುವ ಕೆಲಸಕ್ಕೆ ಒಂದು ದಿನ ರಜೆ ಹಾಕಿ ಬಂದು, ಯಾರಿಗೋ ಬೇಕಾದವಳಾದೆನೆಂಬ ಸಂತೋಷದಲ್ಲಿ ಒಲೆ ಊದಿದ್ದಳು. ಎಲೆ ಹಾಕಿದರು, ಪ್ರಾರ್ಥನೆಯಾಯಿತು. ಅನ್ನ ಬೀಳುವ ಮುಂಚೆ ಪೇಟೆ ಕಡೆಯ ಮೂರು ಮನೆಯವರು ಒಬ್ಬೊಬ್ಬರಾಗಿ ಎದ್ದರು. ಒಬ್ಬರಿಗೆ ಹೊಟ್ಟೆನೋವು. ಒಬ್ಬರಿಗೆ ನೆಂಟರು ಬರುವ ಹೊತ್ತು. ಬಟ್ಟೆ ಅಂಗಡಿಯ ಕೊಟ್ಟೂರಪ್ಪನಿಗೆ ಅಂಗಡಿ ತೆರೆದೇ ಬಂದ ನೆನಪು. ಎಲೆಗಳು ಹಾಗೇ ಉಳಿದವು. ಆಗ ಪೇಟೆ ಕಡೆಯ, ಸಭೆಗೆಲ್ಲ ಹಿರಿಯರಾದ ಸರ್ವಮಂಗಳಮ್ಮ, ಜಗಳವಾಗದಿರಲೆಂದು ಮೆಲ್ಲಗೆ, “ಅವರವರ ಅಕ್ಕಿ ಅವರವರಿಗೆ ಚಲೋ ಬೇಯ್ತೈತೆ. ಮುಂದಿನ ಸಲ ಎರಡು ಹಂಡೆ ಇಡಾಣ” ಎಂದರು. ಎಲ್ಲರಿಗೂ ಮನಸ್ಸು ಹಗುರಾಯಿತು.

ಆ ದಿನ ಒಲೆಯ ಬೂದಿ ಕೆದಕುತ್ತ ಹಂಪವ್ವ ತನ್ನೊಳಗೇ ಅಂದುಕೊಂಡಳು: ಕರ್ತನೇ, ಬೆಳಿಗ್ಗೆ ನಿನ್ನ ಮೇಜಿನ ಮುಂದೆ ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿದೆವು, ಮಧ್ಯಾಹ್ನಕ್ಕೆ ಎರಡು ಹಂಡೆಯಾಯಿತು. ಒಂದೇ ಹಂಡೆಯ ಅನ್ನ ಬೇಯುವವರೆಗೆ ನಾನು ಈ ಸಭೆಯಲ್ಲಿ ಉಣ್ಣುವುದಿಲ್ಲ.

ಅದು ಸಿಟ್ಟಿನ ಹರಕೆ. ಸಿಟ್ಟು ಎರಡು ವರ್ಷದಲ್ಲಿ ಇಳಿದುಹೋಯಿತು, ಹರಕೆ ಉಳಿಯಿತು. ಅವಳು ಸಭೆ ಬಿಡಲಿಲ್ಲ. ಗಿರಣಿ ಕಡೆಯ ಹಂಡೆಗೆ ತಪ್ಪದೆ ನಿಂತಳು, ಪೇಟೆ ಕಡೆಯ ಬಾಣಂತಿಯರಿಗೂ ನೀರು ಕಾಸಿಕೊಟ್ಟಳು. ದಿನಾ ಹಿಡಿ ಅಕ್ಕಿ ತೆಗೆಯುವಾಗ ಅವಳ ಪ್ರಾರ್ಥನೆ ಮಾತ್ರ ಒಂದೇ ಆಗಿತ್ತು. ಅದನ್ನು ಕೇಳಿ ಕೇಳಿ ದೇವರಿಗೂ ಬಾಯಿಪಾಠವಾಗಿರಬೇಕು ಎಂದು ಒಮ್ಮೊಮ್ಮೆ ಅವಳಿಗೇ ನಗು ಬರುತ್ತಿತ್ತು.

ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮರುವರ್ಷ, ನಿಟ್ಟುವಳ್ಳಿಗೆ ಹೋಗುವ ದಾರಿಯ ಪಕ್ಕದಲ್ಲಿ ಸಭೆಗೆ ಸ್ವಂತ ದೇವಾಲಯ ಎದ್ದಿತು. ಅಲ್ಲಿಯವರೆಗೆ ಬಾಡಿಗೆಯ ಹತ್ತಿ ಗೋದಾಮಿನಲ್ಲಿ, ಅರಳೆಯ ದೂಳಿಗೆ ಕೆಮ್ಮುತ್ತ ಆರಾಧನೆ ಮಾಡಿದವರು ಅವರು. ಪೇಟೆಯವರು ಸುಣ್ಣ, ಹೆಂಚು, ತೊಲೆ ಕೊಟ್ಟರು. ಗಿರಣಿಯವರು ಪಾಳಿ ಮುಗಿಸಿ ಬಂದು ಕಲ್ಲು ಹೊತ್ತರು. ಡಿಸೆಂಬರಿನಲ್ಲಿ ಪ್ರತಿಷ್ಠೆಯ ಭಾನುವಾರ ಗೊತ್ತಾಯಿತು. ಅಂದು ಹರಿಹರದ ಸಭೆಯವರು ಬೆಳಗಿನ ರೈಲಿಗೆ ಬರುವವರಿದ್ದರು. ಆರಾಧನೆ, ಒಂದೇ ರೊಟ್ಟಿ ಒಂದೇ ಪಾತ್ರೆ ಹಂಚಿಕೊಳ್ಳುವ ಕರ್ತನ ಭೋಜನ, ಆಮೇಲೆ ಕ್ರಿಸ್ಮಸ್ಸಿನ ಬದಲು ಅಂದೇ ಪ್ರೀತಿಭೋಜನ. ಗೋದಾಮಿನ ಎರಡು ಡ್ರಮ್ಮುಗಳನ್ನೂ ಶುಕ್ರವಾರವೇ ಎತ್ತಿನ ಗಾಡಿಯಲ್ಲಿ ತಂದು ಹೊಸ ದೇವಾಲಯದ ಬಾಗಿಲ ಬಳಿ ಇಳಿಸಿದರು.

ಶನಿವಾರ ಮಧ್ಯಾಹ್ನ ಹಂಪವ್ವ ಅಂಗಳದ ಬೇವಿನ ಕೆಳಗೆ ಕುಳಿತು ತೊಗರಿಬೇಳೆ ಆರಿಸುತ್ತಿದ್ದಳು. ಒಳಗೆ ನೆಲದ ಮೇಲಿನ ಸುಣ್ಣದ ಕಲೆಗಳನ್ನು ತೊಳೆಯುವ ಕೆಲಸ ನಡೆದಿತ್ತು. ಪಾಸ್ಟರ್ ಉಜ್ಜನಪ್ಪನವರು ತಾವೇ ಪಂಚೆ ಎತ್ತಿ ಕಟ್ಟಿ ಬಾವಿಯಿಂದ ನೀರು ಹೊರುತ್ತಿದ್ದರು. ಹರಿಹರದಿಂದ ಈ ಸಭೆಗೆ ಬಂದು ಅವರಿಗಿನ್ನೂ ಎರಡು ತಿಂಗಳು. ಇಲ್ಲಿಯ ಪ್ರೀತಿಭೋಜನವನ್ನು ಒಂದನ್ನೂ ನೋಡಿರಲಿಲ್ಲ, ಡ್ರಮ್ಮು ಎರಡೇಕೆಂದು ಯಾರೂ ಹೇಳಿರಲಿಲ್ಲ. ನೀರು ತುಂಬಿಡಲು ದೊಡ್ಡದೊಂದು ಪಾತ್ರೆ ಬೇಕಾಯಿತು. ಸುತ್ತ ನೋಡಿದರು. ಬಾಗಿಲ ಬಳಿ ಎರಡು ಡ್ರಮ್ಮು, ಎರಡರಲ್ಲೂ ಅರ್ಧಕ್ಕಿಂತ ಕೆಳಗೆ ಅಕ್ಕಿ. ಎರಡನ್ನೂ ಒಂದರಲ್ಲೇ ಹಾಕಿದರೆ ಇನ್ನೊಂದು ಖಾಲಿಯಾಗುತ್ತದೆ. ಅವರು ಗಿರಣಿ ಕಡೆಯ ಡ್ರಮ್ಮನ್ನು ತಬ್ಬಿ ಎತ್ತಿ ಪೇಟೆ ಕಡೆಯ ಡ್ರಮ್ಮಿನ ಅಂಚಿಗೆ ತಂದರು.

ಹಂಪವ್ವ ಹತ್ತು ಹೆಜ್ಜೆ ದೂರದಲ್ಲಿದ್ದಳು. ‘ಅಯ್ಯನೋರೆ, ಬ್ಯಾಡ್ರಿ’ ಎಂದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಅವಳು ಹಲ್ಲು ಕಚ್ಚಿ ಹಿಡಿದಳು. ದಪ್ಪಕ್ಕಿ, ಕೆಂಪಕ್ಕಿ ಸಣ್ಣಕ್ಕಿಯ ಮೇಲೆ ಜರ್ರೆಂದು ಸುರಿಯಿತು. ಪಾಸ್ಟರು ಮೇಲೆ ಗುಪ್ಪೆಯಾದದ್ದನ್ನು ತೋಳು ಮುಳುಗುವಷ್ಟು ಕೈಯಾಡಿಸಿ ಸಮ ಮಾಡಿದರು. ಅಲ್ಲಿಂದಲೇ, ನಾಳೆಗೆ ಇಷ್ಟು ಸಾಕಾಗುತ್ತದೆಯೇ ಎಂದು ಕೇಳಿದರು. ಸಾಕಾಗುತ್ತದೆ ಎಂದಳು ಹಂಪವ್ವ. ಆಮೇಲೆ ಬೇಳೆಯಲ್ಲಿ ಕಲ್ಲು ಯಾವುದು, ಬೇಳೆ ಯಾವುದು ಎಂದು ಅವಳ ಕಣ್ಣಿಗೆ ತಿಳಿಯಲಿಲ್ಲ.

ಮೂರು ಗಂಟೆಗೆ ಕೊಟ್ಟೂರಪ್ಪ ಬಂದ. ಈಗ ಅವನು ಸಭೆಯ ಹಿರಿಯರಲ್ಲೊಬ್ಬ. ಎಲ್ಲವನ್ನೂ ಎರಡು ಸಲ ನೋಡುವ ಮನುಷ್ಯ. ಡ್ರಮ್ಮಿನ ಮುಚ್ಚಳ ತೆಗೆದು ಒಂದು ಸಲ ನೋಡಿದ, ಬೊಗಸೆಯಲ್ಲಿ ತುಂಬಿಕೊಂಡು ಬಿಸಿಲಿಗೆ ಹಿಡಿದು ಇನ್ನೊಂದು ಸಲ ನೋಡಿದ. ಸುದ್ದಿ ನಲವತ್ತು ಮನೆಗೂ ಮುಟ್ಟಲು ಅರ್ಧ ಗಂಟೆ ಹಿಡಿಯಲಿಲ್ಲ. ಅಂಗಡಿಯಿಂದ ಬೇರೆ ಅಕ್ಕಿ ತರೋಣವೆಂದರೆ ಪದ್ಧತಿ ಬಿಡುವುದಿಲ್ಲ. ಹೆಂಗಸರು ಜರಡಿ, ಮೊರ ಹಿಡಿದು ಓಡಿ ಬಂದರು. ಸರ್ವಮಂಗಳಮ್ಮ ಎಪ್ಪತ್ತರ ವಯಸ್ಸಿನಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕುಳಿತು ಜರಡಿ ಹಿಡಿಯಲು ಶುರುಮಾಡಿದರು. ಸಣ್ಣಕ್ಕಿ ಕೆಳಗೆ ಬೀಳುತ್ತದೆ, ದಪ್ಪಕ್ಕಿ ಮೇಲೆ ನಿಲ್ಲುತ್ತದೆ ಎಂಬ ಲೆಕ್ಕ. ಆದರೆ ದಪ್ಪಕ್ಕಿಯ ನುಚ್ಚೂ ಕೆಳಗೆ ಬಿತ್ತು, ಸಣ್ಣಕ್ಕಿಯ ಉದ್ದ ಕಾಳೂ ಜರಡಿಯ ಕಣ್ಣಿಗೆ ಸಿಕ್ಕಿ ನಿಂತಿತು. ಒಂದು ಗಂಟೆ ಜರಡಿ ಆಡಿಸಿ ಬೇರೆಯಾದದ್ದು ನಾಲ್ಕು ಸೇರು. ಅದರಲ್ಲೂ ಕೆಂಪು ಕಾಳುಗಳು ಇಣುಕುತ್ತಿದ್ದವು.

ಐದು ಗಂಟೆಗೆ ಸಿದ್ಧತೆಯ ಕೂಟ. ಕರ್ತನ ಭೋಜನದ ಹಿಂದಿನ ದಿನ ಸಭೆ ಕೂಡಿ, ಒಬ್ಬರ ಮೇಲೊಬ್ಬರಿಗೆ ಏನಾದರೂ ಇದ್ದರೆ ಅಲ್ಲೇ ಹೇಳಿ, ಕೈ ಹಿಡಿದು ಸಮಾಧಾನ ಮಾಡಿಕೊಳ್ಳಬೇಕು. ಮನಸ್ಸಿನಲ್ಲಿ ಮುಚ್ಚಿಟ್ಟುಕೊಂಡವರು ಮರುದಿನ ಮೇಜಿನ ಬಳಿ ಬರಬಾರದು. ಅಂಗಳದಲ್ಲಿ ಚಾಪೆ ಹಾಸಿದರು. ಪ್ರಾರ್ಥನೆ ಮುಗಿಯುತ್ತಲೇ ಕೊಟ್ಟೂರಪ್ಪ ಎದ್ದು ನಿಂತ. ಅಯ್ಯನವರು ಹಿರಿಯರನ್ನು ಒಂದು ಮಾತು ಕೇಳದೆ ಸಭೆಯ ಅಕ್ಕಿಗೆ ಕೈ ಹಾಕಿದರು, ನಾಳೆ ಪರವೂರಿನವರ ಮುಂದೆ ಮಾನ ಹೋಗುವ ಹಾಗಾಯಿತು ಎಂದು ಉದ್ದಕ್ಕೂ ಹೇಳಿದ. ಉಜ್ಜನಪ್ಪನವರ ಮುಖ ಕೆಂಪಾಯಿತು. ಹರಿಹರದಲ್ಲಿ ಇರುವುದು ಒಂದೇ ಗಡಿಗೆ, ಇಲ್ಲಿಯ ಕ್ರಮ ತಮಗೆ ತಿಳಿದಿರಲಿಲ್ಲ, ತಪ್ಪಾಯಿತು, ಸಭೆ ಕ್ಷಮಿಸಬೇಕು ಎಂದು ಕೈಮುಗಿದರು.

ಮುಗಿದ ಆ ಕೈಗಳನ್ನು ಹಂಪವ್ವ ನೋಡಿದಳು. ನೀರು ಸೇದಿ ಸೇದಿ ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ಎಂಟು ವರ್ಷ ಕಾಯ್ದದ್ದು ಕಣ್ಣೆದುರಿಗೆ ಬಂದು ನಿಂತಾಗ ತಾನು ಅದನ್ನು ಇನ್ನೊಬ್ಬರ ತಲೆಗೆ ತಪ್ಪು ಹೊರಿಸಿ ಕೊಂಡುಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಥಟ್ಟನೆ ಅನಿಸಿತು. ಮಂಡಿ ಹಿಡಿದುಕೊಂಡು ಎದ್ದಳು.

“ತಪ್ಪು ಅಯ್ಯನೋರದಲ್ರಿ, ನಂದು. ಅವರು ಡ್ರಮ್ಮು ಎತ್ತೋವಾಗ ನಾ ಅಲ್ಲೇ ಕುಂತಿದ್ದೆ. ಬ್ಯಾಡ ಅನ್ನಬೌದಿತ್ತು. ಅನ್ಲಿಲ್ಲ.”

“ಯಾಕ ಅನ್ಲಿಲ್ಲ?” ಎಂದ ಕೊಟ್ಟೂರಪ್ಪ.

“ಕೂಡ್ಲಿ ಅಂತ.”

ಬೇವಿನ ಮರದ ಮೇಲೆ ಗುಬ್ಬಿಗಳು ಗಲಾಟೆ ಮಾಡುತ್ತಿದ್ದವು. ಕೊಟ್ಟೂರಪ್ಪ ಚುಚ್ಚಿದ. “ಕೂಡ್ತಲ್ಲ, ಇನ್ನೇನು. ನಾಳೆ ಹರಿಹರದೋರಿಗೆ ಅರ್ಧ ಮುದ್ದೆ ಅರ್ಧ ಕಲ್ಲು ಉಣಿಸ್ತೀಯೇನು?”

“ಇಲ್ರಿ. ಅನ್ನಾನೇ ಉಣಿಸ್ತೀನಿ.” ಅವಳು ಅವನ ಕಡೆಗೇ ತಿರುಗಿದಳು. “ನಮ್ಮವ್ವ ಹತ್ತು ಹೊಲದಾಗೆ ಕೂಲಿ ಮಾಡಿದಾಕಿ. ಒಬ್ರು ಸಣ್ಣ ನೆಲ್ಲು ಅಳೀತಿದ್ರು, ಒಬ್ರು ದಪ್ಪ ನೆಲ್ಲು. ನಮ್ಮ ಗಡಿಗೇಲಿ ಒಂದಿನಾನೂ ಒಂದೇ ಅಕ್ಕಿ ಬೆಂದಿದ್ದಿಲ್ಲ. ಕೂಡಿದ ಅಕ್ಕಿ ಬೇಯ್ಸಾಕೆ ನಂಗೆ ಬರ್ತೈತೆ. ಈ ಎಂಟು ವರ್ಷದಾಗೆ ನನ್ನ ಯಾರೂ ಕೇಳ್ಲಿಲ್ಲ.”

ಎಲ್ಲರ ಕಣ್ಣೂ ಸರ್ವಮಂಗಳಮ್ಮನ ಕಡೆಗೆ ತಿರುಗಿತು. ಜರಡಿ ಅವರ ತೊಡೆಯ ಮೇಲೇ ಇತ್ತು. ಅವರು ಅದನ್ನು ಎತ್ತಿ ಪಕ್ಕದಲ್ಲಿ ಬೋರಲು ಹಾಕಿದರು.

“ಹಂಪವ್ವ, ಎಲೆ ಹಚ್ಚೋಳು ನಾನು. ತಲೆಗೊಂದು ಎಲೆ ಎಣಿಸಿ ಹಚ್ತೀನಿ. ಪ್ರತಿ ಊಟಕ್ಕೂ ಒಂದೆಲೆ ಉಳೀತೈತೆ. ಹದಿನಾರು ಊಟ, ಹದಿನಾರು ಎಲೆ. ಯಾರ್ದು ಅಂತ ಗೊತ್ತಿತ್ತು, ಯಾಕಂತಾನೂ ಗೊತ್ತಿತ್ತು. ಎಲ್ಲಾನೂ ಒಲೆಗೆ ಹಾಕಿ ಸುಮ್ಮನಾದೆ.” ಅವರು ಹಂಪವ್ವನ ಕಡೆ ಕೈ ಚಾಚಿದರು. “ಎರಡು ಹಂಡೆ ಅಂದಿದ್ದು ನನ್ನ ಬಾಯಿ. ಒಂದು ಹಂಡೆ ಅನ್ನಾಕೆ ಇಷ್ಟು ವರ್ಷ ಬಾಯಿ ಬರ್ಲಿಲ್ಲ. ನೀ ನನ್ನ ಕ್ಷಮಿಸ್ಬೇಕು.”

ಹಂಪವ್ವ ಅವರು ಚಾಚಿದ ಕೈಯನ್ನು ಎರಡೂ ಕೈಯಿಂದ ಹಿಡಿದು ಅಲ್ಲೇ ಕುಳಿತುಬಿಟ್ಟಳು. ಮೂರನೆಯವರಿಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ಸರ್ವಮಂಗಳಮ್ಮ ತಲೆಯೆತ್ತಿ, “ಕೊಟ್ಟೂರಪ್ಪ, ಬಡೇಸಾಬರ ಮನೆಯಿಂದ ದೊಡ್ಡ ಹಂಡೆ ತರ್ಸು” ಎಂದರು. ಅವನು ಆ ಮುದುಕಿಯ ಮುಖ ನೋಡಿ, ಒಬ್ಬ ಹುಡುಗನನ್ನು ಬಡೇಸಾಬರ ಮನೆಗೆ ಕಳಿಸಿದ.

ಬಡೇಸಾಬರು ಮದುವೆ ಮುಂಜಿಗೆ ತಾಮ್ರದ ಪಾತ್ರೆ ಬಾಡಿಗೆಗೆ ಕೊಡುವವರು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಗಾಡಿಯಲ್ಲಿ ದೊಡ್ಡ ಹಂಡೆ ಹೇರಿಕೊಂಡು ತಾವೇ ಬಂದರು. “ಪ್ರತಿ ಸಲ ಎರಡು ಸಣ್ಣವು ಒಯ್ತಿದ್ರಿ, ಈ ಸಲ ಯಾರ್ದಾರ ಮದಿವಿ ಐತೇನ್ರಿ?” ಎಂದು ಕೊಟ್ಟೂರಪ್ಪನನ್ನು ಕೆಣಕಿದರು. “ಹಂಗೇ ಅನ್ಕೊಳ್ರಿ ಸಾಬ್ರೆ” ಎಂದು ಅವನು ಗೊಣಗಿದ. ಇಳಿಸಲು ಹೋದರೆ ಆ ಹಂಡೆ ಇಬ್ಬರಿಗೆ ಜಗ್ಗಲಿಲ್ಲ. ನಾಲ್ಕು ಕೈಹಿಡಿ, ನಾಲ್ಕು ಆಳಿನ ಭಾರ. ಗಿರಣಿ ಕಡೆಯವರು ಮೂವರು ಕೈ ಹಚ್ಚಿ ನಾಲ್ಕನೆಯವರಿಗಾಗಿ ಕಾಯುತ್ತ ನಿಂತರು. ಕೊಟ್ಟೂರಪ್ಪ ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ನಾಲ್ಕನೆಯ ಹಿಡಿ ಹಿಡಿದ. ಒಲೆಗೆ ಏರಿಸುವಷ್ಟರಲ್ಲಿ ಅಂಗಿಯ ಎದೆಯ ಮೇಲೆ ಅಂಗೈ ಅಗಲದ ಮಸಿ ಕೂತಿತ್ತು.

ಹಂಪವ್ವ ಮೂರು ಗಂಟೆ ಮುಂಚೆಯೇ ಅಕ್ಕಿ ನೆನೆಹಾಕಿದ್ದಳು. ನೆನೆದ ಮೇಲೆ ದಪ್ಪಕ್ಕಿಯ ಬಿಗುವು ಸಡಿಲುತ್ತದೆ. ಎಸರು ಕುದಿದು ಉಕ್ಕುವಾಗ ಅಕ್ಕಿ ಸುರಿದು, ಉಪ್ಪು ಹಾಕಿ, ಒಂದು ಸೌಟು ಎಣ್ಣೆ ಬಿಟ್ಟಳು. ಅರ್ಧ ಬೆಂದಿತೋ ಇಲ್ಲವೋ, ನೀರು ಬಸಿದು, ಒಲೆಯೊಳಗಿನ ಕೊಳ್ಳಿಗಳನ್ನೆಲ್ಲ ಈಚೆಗೆ ಎಳೆದಳು. ಇನ್ನೂ ಬೇಯದ ಅನ್ನದ ಬೆಂಕಿ ತೆಗೆಯುವುದನ್ನು ಕಂಡು ನೋಡುತ್ತಿದ್ದ ಹೆಂಗಸರು ಕೈ ಕೈ ಹಿಸುಕಿಕೊಂಡರು. ಅವಳು ಒದ್ದೆ ಗೋಣಿ ಮುಚ್ಚಿ, ಅದರ ಮೇಲೆ ತಾಮ್ರದ ತಟ್ಟೆ ಇಟ್ಟು, ತಟ್ಟೆಯ ಮೇಲೆ ಕೆಂಡ ಹರಡಿದಳು. ಇನ್ನು ಇದನ್ನು ಯಾರೂ ಮುಟ್ಟಬಾರದು, ಹಬೆಯೇ ಕೆಲಸ ಮಾಡಬೇಕು ಎಂದಳು. ಅಷ್ಟು ಹೇಳುವಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ಹರಿಹರದವರು ಹಾಡುತ್ತ ಬರುವುದು ಕೇಳಿಸಿತು. ಗೆಜ್ಜೆ, ತಾಳ, ಜೊತೆಗೊಂದು ದಮ್ಮಡಿಯ ಬಡಿತ. ಹಂಪವ್ವ ಕೈ ತೊಳೆದು, ಸೆರಗಿನಿಂದ ಮುಖ ಒರೆಸಿ, ಹಂಡೆಯನ್ನು ಅಲ್ಲೇ ಬಿಟ್ಟು ಅವರ ಜೊತೆ ಒಳಗೆ ಹೋದಳು.

ಹೊಸ ಸುಣ್ಣದ ವಾಸನೆಯ ನಡುವೆ ಆರಾಧನೆ ನಡೆಯಿತು. ಒಂದೇ ರೊಟ್ಟಿಯನ್ನು ಮುರಿದು ಹಂಚಿದರು, ಒಂದೇ ಪಾತ್ರೆ ಕೈಯಿಂದ ಕೈಗೆ ಬಂತು. ಮಂಡಿಯೂರಿದ್ದ ಹಂಪವ್ವನ ಎಡಕ್ಕೆ ಸರ್ವಮಂಗಳಮ್ಮ ಇದ್ದರು. ಈ ಸಲ ಅವಳಿಗೆ ಬೇಡಿಕೊಳ್ಳಲು ಏನೂ ನೆನಪಿಗೆ ಬರಲಿಲ್ಲ. ಎಂಟು ವರ್ಷ ಹೇಳಿದ ಪ್ರಾರ್ಥನೆ ಮನಸ್ಸಿನಿಂದ ಎದ್ದು ಹೊರಗೆ ಹೋಗಿ ಒಲೆಯ ಮೇಲೆ ಕುಳಿತುಬಿಟ್ಟಿತ್ತು.

ಅಂಗಳದಲ್ಲಿ ಒಂದೇ ಉದ್ದ ಸಾಲು ಎಲೆ ಹಾಕಿದರು. ಮುತ್ತುಗದ ಎಲೆಗಳು, ಕಡ್ಡಿ ಚುಚ್ಚಿ ಹಚ್ಚಿದವು. ಹಂಪವ್ವ ಕೆಂಡ ಸರಿಸಿ ತಟ್ಟೆ ಎತ್ತಿದಳು. ಹಬೆ ಬೇವಿನ ಕೊಂಬೆಯವರೆಗೂ ಎದ್ದಿತು. ಗೋಣಿ ಸರಿಸಿ ನಾಲ್ಕು ಅಗುಳು ಎತ್ತಿ ಬೆರಳ ನಡುವೆ ಅದುಮಿ ನೋಡಿದಳು. ದಪ್ಪಕ್ಕಿ ಅರಳಿ ಮಲ್ಲಿಗೆಯ ಮೊಗ್ಗಿನಂತೆ ತುಂಬಿಕೊಂಡಿತ್ತು; ನಡುವೆ ಗಟ್ಟಿ ಇರಲಿಲ್ಲ. ಸಣ್ಣಕ್ಕಿ ಮೆತ್ತಗಾಗಿತ್ತು, ಮುದ್ದೆಯಾಗಿರಲಿಲ್ಲ. ಅಲ್ಲಲ್ಲಿ ಕೆಂಪು ಅಗುಳು. ಹಿಂದೆ ನಿಂತವರ ಕಡೆ ತಿರುಗಿ ಅವಳು ತಲೆಯಾಡಿಸಿದಳು, ಅಷ್ಟೆ. ಹೆಂಗಸರಲ್ಲಿ ಯಾರೋ ಕೇಕೆ ಹಾಕಿದರು. ಇನ್ಯಾರೋ ಹಾಡು ಶುರು ಮಾಡಿದರು.

ಜನ ಕೂತರು. ಗಿರಣಿಯವರು ಕೂತರು, ಹರಿಹರದವರು ಕೂತರು, ಪೇಟೆ ಕಡೆಯವರಲ್ಲಿ ಮಾಸ್ತರರು ಕೂತರು. ಸಾಲಿನ ನಡುವೆ ಕೆಲವು ಎಲೆಗಳು ಖಾಲಿ ಉಳಿದವು. ಹಂಪವ್ವ ಅನ್ನದ ಬುಟ್ಟಿ ಹಿಡಿದು ಸಾಲಿನ ತುದಿಯಲ್ಲಿ ನಿಂತಳು. ಎಂಟು ವರ್ಷದ ಹಿಂದಿನ ಎಲೆಗಳೂ ಹೀಗೇ ಕಾದಿದ್ದವು. ಬುಟ್ಟಿಯ ಬಿಸಿ ಅವಳ ಎದೆಗೆ ತಾಗುತ್ತಿತ್ತು.

ಕೊಟ್ಟೂರಪ್ಪ ಬಾಗಿಲ ಬಳಿ ನಿಂತಿದ್ದ. ಅವನ ಹಿಂದೆ ಅವನ ಹೆಂಡತಿ ಮಕ್ಕಳು, ಅವರ ಹಿಂದೆ ಅಂದು ಎದ್ದುಹೋಗಿದ್ದ ಇನ್ನೆರಡು ಮನೆಯವರು. ಅವನು ತನ್ನ ಅಂಗಿಯ ಮೇಲಿನ ಮಸಿ ನೋಡಿಕೊಂಡ. ಆಮೇಲೆ ಬಂದು, ಬೆಳಿಗ್ಗೆ ತನ್ನ ಎದುರು ಹಿಡಿ ಹಿಡಿದಿದ್ದ ಗಿರಣಿಯವನ ಪಕ್ಕದ ಖಾಲಿ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಹಂಪವ್ವ ಎದುರಿಗೆ ಬಂದಾಗ ತಲೆ ಎತ್ತಿ, “ಹಾಕವ್ವ. ಇವತ್ತು ಅಂಗಡಿ ಮುಚ್ಚೈತೆ” ಎಂದ.

ಸಾಲಿಡೀ ನಕ್ಕಿತು. ಅವನೂ ನಕ್ಕ. ಹಿಂದಿದ್ದವರೆಲ್ಲ ಬಂದು ಕೂತರು. ಹಂಪವ್ವ ಅವನ ಎಲೆಗೆ ಎರಡು ಕೈಯಿಂದ ಅನ್ನ ಹಾಕಿದಳು. ಅವನು ಮೊದಲ ತುತ್ತು ಬಾಯಿಗಿಟ್ಟು, ಅಗಿದು, ಎರಡನೆಯ ತುತ್ತು ಕಲಸಿದ. ಅಡಿಗೆ ಮಾಡಿದವಳಿಗೆ ಅಷ್ಟೇ ಸಾಕಿತ್ತು.

ಎಲ್ಲರದೂ ಆದ ಮೇಲೆ ಹಂಪವ್ವ ಎಂದಿನಂತೆ ತೆಂಗಿನ ನಾರು, 
ಬೂದಿ ತೆಗೆದುಕೊಂಡು ಹಂಡೆಯ ಕಡೆ ಹೋದಳು. ಕಾಲುಗಳು ತಾವಾಗಿಯೇ ಆ ದಾರಿ ಹಿಡಿದಿದ್ದವು. ಸರ್ವಮಂಗಳಮ್ಮ ಅವಳ ಕೈಯಿಂದ ನಾರು ಕಿತ್ತುಕೊಂಡು ಅತ್ತ ಎಸೆದರು. ಬೇವಿನ ಬುಡದಲ್ಲಿ ಒಂದು ಎಲೆ ಹಾಸಿ, ನೀರು ಚಿಮುಕಿಸಿ, ಕೂಡು ಎಂದರು. ಅವಳು ಕೂತಳು. ಎಪ್ಪತ್ತು ವರ್ಷದ ಆ ಕೈ ಹಂಡೆಯ ತಳದಿಂದ ಬಗೆದು ಅನ್ನ ತಂದು ಬಡಿಸಿತು, ಮೇಲೆ ಬಿಸಿ ಬೇಳೆ ಸಾರು ಸುರಿಯಿತು.

ಹಂಪವ್ವ ಕಣ್ಣು ಮುಚ್ಚಿ ತುತ್ತು ಬಾಯಿಗಿಟ್ಟಳು. ಅವ್ವನ ಗಡಿಗೆಯ ರುಚಿ. ಹೊಳೆದಂಡೆಯ ಗುಡಿಸಲು, ಹತ್ತು ಹೊಲದ ಅಕ್ಕಿ, ಮಕ್ಕಳಿಗೆಲ್ಲ ಬಡಿಸಿ ಕೊನೆಗೆ ಉಣ್ಣುತ್ತಿದ್ದ ಅವ್ವ. ಅಲ್ಲಿ ಅದು ಬಡತನದ ಅನ್ನವಾಗಿತ್ತು. ಇಲ್ಲಿ ನಲವತ್ತು ಮನೆಯವರು ಹೆಸರು ಹಿಡಿದು ಪ್ರಾರ್ಥಿಸಿ ತೆಗೆದಿಟ್ಟ ಅನ್ನ. ಅವಳ ಕಣ್ಣಿನ ನೀರು ಸಾರಿಗೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ, ಉಣ್ಣುತ್ತಲೇ ಇದ್ದಳು.

ಎಲೆ ಬರಿದಾಯಿತು. ಅವಳು ಇಷ್ಟು ವರ್ಷ ‘ಅಮ್ಮಾರೆ’ ಎಂದು ಕರೆದವರನ್ನು ತಲೆಯೆತ್ತಿ ನೋಡಿ, “ಅಕ್ಕಾರೆ, ಇನ್ನೊಂದಿಷ್ಟು ಹಾಕ್ರಿ” ಎಂದಳು.

ನೀರು ತುಂಬಿದ ಆ ಡ್ರಮ್ಮು ಮತ್ತೆ ಅಕ್ಕಿಗೆ ಬರಲಿಲ್ಲ. ದೇವಾಲಯದ ಬಾಗಿಲಲ್ಲಿ, ಬರುವವರು ಕಾಲು ತೊಳೆದುಕೊಳ್ಳಲೆಂದು ಅಲ್ಲೇ ನಿಂತಿತು. ಮುಂದಿನ ತಿಂಗಳ ಮೊದಲ ಭಾನುವಾರ ಹೆಂಗಸರು ಡಬ್ಬಿ ಹಿಡಿದು ಬಂದು, ಅಭ್ಯಾಸಬಲದಿಂದ ಒಂದು ಗಳಿಗೆ ಅತ್ತ ಇತ್ತ ನೋಡಿ, ಉಳಿದಿದ್ದ ಒಂದೇ ಡ್ರಮ್ಮಿಗೆ ಸುರಿದರು. ಎಲ್ಲರಿಗಿಂತ ಮೊದಲು ಬಂದು ಸುರಿದವಳು ಹಂಪವ್ವ. ಅವಳ ಡಬ್ಬಿಯಲ್ಲಿ ಆ ಊಟದ ಮೇಲೆ ತೆಗೆದಿಟ್ಟ ಇಪ್ಪತ್ತೊಂದು ಹಿಡಿ ಅಕ್ಕಿ ಇತ್ತು, ಇಪ್ಪತ್ತೊಂದಕ್ಕೂ ಹೊಸ ಪ್ರಾರ್ಥನೆ ಇತ್ತು.